ಬಸ್ಸಿಗೆ ಕೊಟ್ಟ ಕೆಮ್ಮಿನ ಮದ್ದು

ಫಾರ್ಮಸಿ ಓದಿ ಹೊಸದಾಗಿ ಕೆಲಸಕ್ಕೆ ಸೇರುವ ನಮ್ಮ ಊರಿನ ಮಕ್ಕಳು ಒಮ್ಮೊಮ್ಮೆ ನನ್ನನ್ನು ಮಾತಾಡಿಸಲು ಬರುತ್ತಾರೆ. ಅವರಲ್ಲಿ ಒಬ್ಬಳು ಮೊನ್ನೆ ಚಾ ಕುಡಿಯುತ್ತಾ ಕೇಳಿದಳು:

"ಮೇಡಂ, ಇಷ್ಟ್ ವರ್ಷದಗೆ ಯಾವ್ ಮದ್ದ್ ಕೊಡುವತಿಗೆ ನಿಮ್ಗೆ ಹೆಚ್ಚ್ ಹೆದ್ರಿಕಿ ಆತಿತ್ತ್?"

ಹೃದಯದ ಮಾತ್ರೆ ಎಂದೋ ಇನ್ಸುಲಿನ್ ಎಂದೋ ಹೇಳುತ್ತೇನೆಂದು ಅವಳು ಕಾದಿದ್ದಳು. ನಾನು "ಶೀತ ಕೆಮ್ಮಿನ ಸಿರಪ್ಪು" ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಆ ಸಿರಪ್ಪಿನ ಹೆಸರು ಬಾಯಿಗೆ ಬಂದರೆ ಈಗಲೂ ಒಂದು ಶಿಶುವಿನ ಎದೆ ಏರುತ್ತಿದೆಯೋ ಇಲ್ಲವೋ ಎಂದು ಓಡುವ ಬಸ್ಸಿನಲ್ಲಿ ನೋಡುತ್ತಾ ಕುಳಿತ ಬೆಳಗು ಕಣ್ಣ ಮುಂದೆ ಬರುತ್ತದೆ. ಅವಳಿಗೆ ಅಂದು ಅರ್ಧ ಹೇಳಿದೆ. ಉಳಿದದ್ದನ್ನು ಸಮಾಧಾನದಿಂದ ಹೇಳಲಾಗಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ದುಡಿದದ್ದು ಮೂರು ಊರುಗಳಲ್ಲಿ. ಮೊದಲು ಬ್ರಹ್ಮಾವರ, ಆಮೇಲೆ ಕುಂದಾಪುರ, ಕೊನೆಗೆ ಬೈಂದೂರು. ಮೂರೂ ಕಡೆ ಔಷಧಿ ಅಂಗಡಿಯ ಕೌಂಟರು, ಅದೇ ಬಿಳಿ ಕೋಟು. ಬಡ್ತಿ ಎಂದು ಹೇಳಿಕೊಳ್ಳುವಂಥದ್ದು ಈ ಕೆಲಸದಲ್ಲಿ ಇರಲಿಲ್ಲ.

ಬ್ರಹ್ಮಾವರದಲ್ಲಿ ನನಗೆ ಕೆಲಸ ಕಲಿಸಿದವರು ಐತಾಳರೆಂಬ ಹಳೆಯ ಕಂಪೌಂಡರು. ಆಗಿನ್ನೂ ಕೆಮ್ಮಿಗೆ ಮಿಕ್ಸ್ಚರ್ ಕಲಸಿ ಕೊಡುವ ಪದ್ಧತಿ ಪೂರ್ತಿ ಹೋಗಿರಲಿಲ್ಲ. ಬಾಟಲಿಗೆ ಮದ್ದು ಹೊಯ್ದು, ಒಂದು ಕಾಗದದ ಪಟ್ಟಿಯನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿ ಹೊರಗೆ ಅಂಟಿಸುತ್ತಿದ್ದರು. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಇಳಿಯಬೇಕು. ಓದಲು ಬಾರದ ಅಜ್ಜಿಗೂ ಅರ್ಥವಾಗುವ ಲೆಕ್ಕ. "ಬಾಟ್ಲಿ ಕೈಗ್ ಕೊಟ್ಟ್ ಕೂಡ್ಲೆ ನಮ್ ಕೆಲ್ಸ ಮುಗೀಲಿಲ್ಲೆ ಹೆಣೆ. ಒಂದ್ ಹಲ್ಲ್ ಅಂದ್ರೆ ಎಷ್ಟ್ ಅಂದ್ ಅವ್ರ್ ಬೆಟ್ಟ್ ಇಟ್ಟ್ ತೋರ್ಸುವರಿಗೂ ಬಿಡುಕಾಗ" ಎನ್ನುತ್ತಿದ್ದರು. ಬಂದವರು ಬಾಟಲಿಯ ಮೇಲೆ ಬೆರಳಿಟ್ಟು ತೋರಿಸಿದ ಮೇಲೆಯೇ ಅವರು ಚೀಲಕ್ಕೆ ಹಾಕಿಕೊಡುತ್ತಿದ್ದರು.

ಆಮೇಲೆ ಬಣ್ಣದ ಪೆಟ್ಟಿಗೆಯ ಸಿರಪ್ಪುಗಳೂ ಮಾತ್ರೆಗಳೂ ಬಂದವು. ಒಂದೇ ಮಾತ್ರೆಯಲ್ಲಿ ಮೂರು ಮದ್ದು, ಒಂದೇ ಸಿರಪ್ಪಿನಲ್ಲಿ ನಾಲ್ಕು ಮದ್ದು. ಜ್ವರಕ್ಕೊಂದು, ಸೋರುವ ಮೂಗನ್ನು ಒಣಗಿಸಿ ನಿದ್ದೆ ತರಿಸಲು ಇನ್ನೊಂದು, ಕಟ್ಟಿದ ಮೂಗು ಬಿಡಿಸಲು ರಕ್ತನಾಳವನ್ನು ಬಿಗಿಯುವ ಮತ್ತೊಂದು, ಕೆಲವುಗಳಲ್ಲಿ ಕೆಮ್ಮನ್ನೇ ಅದುಮುವ ಒಂದು. ಮೂಗಿನ ರಕ್ತನಾಳ ಬಿಗಿಯುವ ಮದ್ದು ಮೂಗಿನಲ್ಲಿ ಮಾತ್ರ ಕೆಲಸ ಮಾಡಿ ಸುಮ್ಮನಾಗುವುದಿಲ್ಲ. ಇಡೀ ಮೈಯಲ್ಲಿ ತಿರುಗುತ್ತದೆ. ಇದನ್ನು ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಕಣ್ಣಾರೆ ಕಂಡದ್ದು ಕುಂದಾಪುರದ ಅಂಗಡಿಯಲ್ಲಿ.

ಅಲ್ಲಿಗೆ ಹೆಗ್ಡೆಯವರೊಬ್ಬರು ಬರುತ್ತಿದ್ದರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ನೆಲೆಸಿದವರು. ಬಿಪಿ ಮಾತ್ರೆಯನ್ನು ತಿಂಗಳು ತಿಂಗಳು ನಮ್ಮಲ್ಲೇ ಒಯ್ಯುತ್ತಿದ್ದರು. ಒಮ್ಮೆ ಮೂಗು ಕಟ್ಟಿಕೊಂಡು ಬಂದು ಶೀತದ ಮಾತ್ರೆಯ ಹೆಸರು ಹೇಳಿದರು. ಬಿಪಿ ಇದ್ದವರಿಗೆ ಅದು ಒಳ್ಳೆಯದಲ್ಲ, ಡಾಕ್ಟರನ್ನು ಕೇಳಿ ಎಂದೆ.

"ಅರೆ ಮೇಡಂ, ಬಾಂಬೆಯಗೆ ನಾವ್ ಇದನ್ನ ಕಡ್ಲಿ ತಿಂದ್ಹಾಂಗೆ ತಿಂದಿತ್. ಅಷ್ಟ್ ಹೋಟ್ಲ್ ನಡ್ಸದ್ ಮನ್ಷ ಒಂದ್ ಥಂಡಿ ಗುಳ್ಗಿಗೆ ಹೆದ್ರುದಾ?"

ನಾನು ಕೊಡಲಿಲ್ಲ. ಅವರು ಬೇರೆಲ್ಲೋ ತೆಗೆದುಕೊಂಡರು. ಮರುದಿನ ಅಂಗಡಿಯೆದುರು ರಿಕ್ಷಾದಿಂದ ಇಳಿದಾಗ ಮುಖ ಕೆಂಪಾಗಿತ್ತು. ಮೂಗಿನಿಂದ ರಕ್ತ ಸೋರಿ ಬಿಳಿ ಅಂಗಿಯ ಮೇಲೆ ಇಳಿದಿತ್ತು. "ತಲಿ ಒಡ್ದ್ ಹೋಪ್ಹಾಂಗೆ ಆತಿತ್ತ್" ಎಂದು ಬೆಂಚಿನ ಮೇಲೆ ಕುಳಿತರು. ಎದುರಿನ ಡಾಕ್ಟರಲ್ಲಿಗೆ ನಾನೂ ರಿಕ್ಷಾದವನೂ ಹಿಡಿದುಕೊಂಡು ದಾಟಿಸಿದೆವು. ಬದುಕಿಕೊಂಡರು.

ಕುಂಭಾಶಿಯ ಕಡೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ಟರಿಗೆ ಇಂಥದೇ ಸಿರಪ್ಪು ಕುಡಿದು ಮೂತ್ರ ಕಟ್ಟಿತು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ದಪ್ಪಗಾಗಿದ್ದರೆ ಹೀಗಾಗುತ್ತದೆ. ಮನೆಯವರು ಉಷ್ಣ ಆಗಿದೆ ಎಂದು ಎಳನೀರಿನ ಮೇಲೆ ಎಳನೀರು ಕುಡಿಸಿದರು. ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಮಾಸ್ಟರು ಹೊಟ್ಟೆ ಹಿಡಿದುಕೊಂಡು ಕೂಗುತ್ತಿದ್ದರಂತೆ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಮೇಲೆ ಅವರು ಹೇಳಿದ ಮೊದಲ ಮಾತು, "ಇನ್ ನನ್ನೆದ್ರ್ ಎಳ್ನೀರಿನ್ ಹೆಸ್ರ್ ಹೇಳ್ಬ್ಯಾಡಿ." ಇದನ್ನು ಹೇಳಿ ಅವರ ಮಗ ಕೌಂಟರಿನಲ್ಲಿ ನಕ್ಕ. ನಾವೂ ನಕ್ಕೆವು. ದೊಡ್ಡವರು ಕೂಗಿ ಹೇಳುತ್ತಾರೆ, ತಲೆ ಹಿಡಿದುಕೊಳ್ಳುತ್ತಾರೆ, ರಿಕ್ಷಾ ಹತ್ತಿ ಬರುತ್ತಾರೆ. ಹೇಳಲಾಗದವರ ಗತಿ ಏನೆಂದು ನಾನು ಆಗ ಯೋಚಿಸಿರಲಿಲ್ಲ.

ಬೈಂದೂರಿನ ಅಂಗಡಿ ಹೆದ್ದಾರಿಯ ಬದಿಗಿತ್ತು. ಮಾಲೀಕರನ್ನು ಎಲ್ಲರೂ ಶೆಟ್ರು ಎಂದೇ ಕರೆಯುತ್ತಿದ್ದರು. ಒಳ್ಳೆಯ ಮನುಷ್ಯ. ಗಿರಾಕಿಯ ಮನೆಯ ಎಲ್ಲರ ಹೆಸರೂ ಅವರಿಗೆ ಬಾಯಿಪಾಠ. ಅವರಿಗೆ ಹೆಸರು ತಂದುಕೊಟ್ಟದ್ದು ಬಸ್ಸಿನ ಮದ್ದು. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಮಲ್ಲಿಗೆ ಹೂ ಹೋಗುತ್ತದೆ, ಪಂಪಿನ ಬಿಡಿಭಾಗ ಹೋಗುತ್ತದೆ, ಮರೆತು ಬಂದ ಕನ್ನಡಕವೂ ಹೋಗುತ್ತದೆ. ಮದ್ದೂ ಹಾಗೆಯೇ. ಶಿರೂರಿನಿಂದಲೋ ಮರವಂತೆಯಿಂದಲೋ ಫೋನು ಬಂದರೆ ಶೆಟ್ರು ಪೊಟ್ಟಣ ಕಟ್ಟಿ, ಮೇಲೆ ಹೆಸರು ಮತ್ತು ಇಳಿಸುವ ಜಾಗ ಬರೆದು ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಬಸ್ಸು ನಿಂತಲ್ಲಿ ಯಾರಾದರೂ ಬಂದು ಕೈ ಚಾಚುತ್ತಿದ್ದರು. ಒಂದು ಮಾತ್ರೆಗಾಗಿ ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕಾದವರಿಗೆ ಇದು ದೊಡ್ಡ ಉಪಕಾರವೇ.

ಕಂಡಕ್ಟರರಿಗೆ ಒಂದೇ ತಕರಾರು. "ಶೆಟ್ರೆ, ಈ ಪೆಟ್ಗಿ ಎಲ್ಲಾ ಕಿತ್ತಿ ಕೊಡಿ. ನನ್ ಬ್ಯಾಗ್ ಎಂತ ಗೋಡೌನಾ?" ಎನ್ನುತ್ತಿದ್ದ ದಿನೇಶ. ಭಟ್ಕಳ ಕುಂದಾಪುರ ನಡುವೆ ಓಡುವ ಬಸ್ಸಿನವನು. ಅದಕ್ಕೆ ಶೆಟ್ರು ಸಿರಪ್ಪಿನ ರಟ್ಟಿನ ಪೆಟ್ಟಿಗೆ ಕಿತ್ತು, ಬಾಟಲಿಯನ್ನಷ್ಟೇ ಪತ್ರಿಕೆಯಲ್ಲಿ ಸುತ್ತಿ ಕೊಡುವ ರೂಢಿ ಮಾಡಿದರು. ಪೆಟ್ಟಿಗೆಯೊಂದಿಗೆ ಅದರೊಳಗಿನ ಅಳತೆಯ ಪ್ಲಾಸ್ಟಿಕ್ ಲೋಟವೂ ನಮ್ಮ ಕಸದ ಬುಟ್ಟಿಯಲ್ಲೇ ಉಳಿಯುತ್ತಿತ್ತು. ನಾಲ್ಕು ವರ್ಷದ ಕೆಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆ ಪೆಟ್ಟಿಗೆಯ ಮೇಲೆ ಇರುತ್ತಿತ್ತು; ಬಾಟಲಿಯ ಚೀಟಿಯಲ್ಲೂ ಇರುತ್ತಿತ್ತು, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ.

"ಲೋಟ ಆದ್ರೂ ಹಾಕಿ ಶೆಟ್ರೆ" ಎಂದು ನಾನು ಹೇಳಿದ್ದೆ.

"ಮನಿಯಗೆ ಚಮ್ಚ ಇಲ್ದಿದ್ದೋರ್ ಯಾರಿದ್ರ್ ಮೇಡಂ?" ಎಂದು ಅವರು ನಕ್ಕಿದ್ದರು.

ಶಿರೂರಿನ ಕಡಲ ಬದಿಯಿಂದ ಹೆಚ್ಚು ಫೋನು ಮಾಡುತ್ತಿದ್ದವರು ಗುಲಾಬಕ್ಕ. ಮೀನು ಮಾರುವ ಹೆಂಗಸು. ಮಗ ಪ್ರಕಾಶ ಬೋಟಿಗೆ ಹೋಗುತ್ತಿದ್ದ. ಮಗಳು ಸವಿತಾ ಹೆರಿಗೆಗೆಂದು ಬಂದವಳು ಇನ್ನೂ ತಾಯಿಯ ಮನೆಯಲ್ಲೇ ಇದ್ದಳು. ಅವಳ ಗಂಡು ಮಗುವಿಗೆ ಆಗ ಕೂರಲು ಬರುತ್ತಿತ್ತು, ಇನ್ನೂ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಪ್ರಕಾಶನಿಗೆ ಶೀತ ಕೆಮ್ಮು ಎಂದು ಗುಲಾಬಕ್ಕ ಫೋನು ಮಾಡಿದರು. ಹೋದ ಸಲ ಕಳಿಸಿದ ಕೆಂಪು ಮದ್ದೇ ಇರಲಿ ಎಂದರು. ಶೆಟ್ರು ಕಳಿಸಿದರು. ಪ್ರಕಾಶ ಗಟ್ಟಿಮುಟ್ಟಾದ ಹುಡುಗ. ಅವನಿಗೆ ಆ ಮದ್ದು ಕೊಡುವುದರಲ್ಲಿ ಯಾವ ತಪ್ಪೂ ಇರಲಿಲ್ಲ.

ಎರಡು ದಿನ ಬಿಟ್ಟು ಶೆಟ್ರು ಕಾರಿನಲ್ಲಿ ಬ್ರಹ್ಮಾವರಕ್ಕೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಬೆಳಗಿನ ಗಿರಾಕಿಗಳು ಕರಗಿದ ಹೊತ್ತು. ಗುಲಾಬಕ್ಕನ ಫೋನು ಬಂತು. ದನಿ ಖುಷಿಯಲ್ಲಿತ್ತು.

"ಹ್ವಾಯ್ ಮೇಡಂ, ನಿಮ್ ಮದ್ದ್ ಭಾರಿ ಲಾಯ್ಕಿತ್ತ್ ಕಾಣಿ. ಪ್ರಕಾಶ ಬೋಟಿಗ್ ಹೋದ. ಮಾಣಿಗೂ ಕೆಮ್ಮ್ ನಿಂತೀತ್. ಬಾಟ್ಲಿ ಖಾಲಿ ಆಪುಕ್ ಬಂತ್, ಇನ್ನೊಂದ್ ಬಸ್ಸಿಗ್ ಕೊಡಿ."

"ಯಾವ್ ಮಾಣಿಗೆ?" ಎಂದೆ.

"ಸವಿತನ್ ಮಾಣಿಗೆ. ಅದೂ ಮೂಗ್ ಕಟ್ಟಿ ಮರ್ಕ್ತಿತ್ತ್. ನಿನ್ನೆ ಸಂಜಿಗ್ ಒಂದ್ಸಲ ಕೊಟ್ಟೆ, ಇವತ್ ಬೆಳಿಗ್ಗೆ ಒಂದ್ಸಲ. ಎಂತ ನಿದ್ರಿ ಅಂತ್ರಿ. ಇಷ್ಟೊತ್ತಾಯ್ತ್, ಎದ್ದದ್ದೇ ಇಲ್ಲೆ."

ನನ್ನ ಕೈಯಲ್ಲಿ ಯಾರದೋ ಔಷಧಿ ಚೀಟಿ ಇತ್ತು. ಅದನ್ನು ಎಲ್ಲಿಟ್ಟೆನೋ ತಿಳಿಯದು. "ಎಬ್ಬ್ಸಿ ಗುಲಾಬಕ್ಕ. ಈಗ್ಲೇ. ನಾ ಫೋನ್ ಇಡುದಿಲ್ಲೆ."

"ಮನಿಕಂಡ್ ಶಿಶುನ್ನ ಎಂತಕ್ ಎಬ್ಬ್ಸುದ್?"

"ಎಬ್ಬ್ಸಿ."

ಫೋನಿನ ಆಚೆ ಸವಿತಾ ಮಗುವನ್ನು ಕರೆಯುವುದು ಕೇಳಿತು. ಮೊದಲು ಮುದ್ದಿನಲ್ಲಿ. ಆಮೇಲೆ ಜೋರಾಗಿ. ಆಮೇಲೆ ಅವಳ ದನಿ ಬದಲಾಯಿತು. ಗುಲಾಬಕ್ಕ ಮತ್ತೆ ಮಾತಾಡಿದಾಗ ಅದು ಬೇರೆಯೇ ಹೆಂಗಸಿನ ದನಿಯಂತಿತ್ತು.

"ಕಣ್ಣ್ ಬಿಟ್ಟ್ ಮತ್ ಮುಚ್ತಿತ್ ಮೇಡಂ. ಕೈ ಎತ್ರೆ ಕೆಳ್ಗ್ ಬೀಳ್ತಿತ್."

ಉಸಿರಾಡುತ್ತಿದೆಯೇ ಎಂದು ಕೇಳಿದೆ. ಹೌದು ಎಂದರು. ಬಾಯಿಗೆ ಏನೂ ಹಾಕಬೇಡಿ, ವಾಂತಿ ಮಾಡಿಸಬೇಡಿ, ಒಂದು ಮಗ್ಗುಲಿಗೆ ಮಲಗಿಸಿ ಎತ್ತಿಕೊಂಡು ಹೊರಡಿ, ಬಾಟಲಿ ತನ್ನಿ, ಯಾವುದರಲ್ಲಿ ಕುಡಿಸಿದಿರೋ ಅದನ್ನೂ ತನ್ನಿ ಎಂದೆ. ಆಂಬುಲೆನ್ಸಿಗೆ ಕರೆ ಮಾಡಿದೆ. ಹತ್ತಿರದ ಗಾಡಿ ಬೇರೊಂದು ಕೇಸಿಗೆ ಹೋಗಿತ್ತು, ಬರಲು ಹೊತ್ತಾಗುತ್ತದೆ ಎಂದರು. ಆ ಕಡಲ ಬದಿಯಲ್ಲಿ ಕಾರು ಇದ್ದವರು ಯಾರೂ ಮನೆಯಲ್ಲಿರಲಿಲ್ಲ. ಅವರು ರಿಕ್ಷಾ ಹಿಡಿದು ಹೆದ್ದಾರಿಗೆ ಬರುವಷ್ಟರಲ್ಲಿ ಭಟ್ಕಳದಿಂದ ದಿನೇಶನ ಬಸ್ಸು ಬಂತು. ಅದಕ್ಕೇ ಹತ್ತಿದರು. ನಮ್ಮ ಕಡೆಯ ಬಸ್ಸುಗಳ ಓಟವನ್ನು ನಾನು ಬಾಯಿತುಂಬ ಬೈದವಳು. ಅಂದು ಅದಕ್ಕಿಂತ ಬೇಗ ಓಡುವ ಗಾಡಿ ನಮಗೆ ಸಿಗುತ್ತಿರಲಿಲ್ಲ.

ಪಕ್ಕದ ಕ್ಲಿನಿಕ್ಕಿನ ಡಾಕ್ಟರಿಗೆ ವಿಷಯ ಹೇಳಿ ಇಬ್ಬರೂ ರಸ್ತೆಯ ಬದಿಯಲ್ಲಿ ನಿಂತೆವು. ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದೆ. ಬಸ್ಸು ಬಂದು ಬಾಗಿಲು ತೆರೆದಾಗ ಒಳಗಿನಿಂದ ಅಳು ಕೇಳಬಹುದೇ ಎಂದು ಕಿವಿಗೊಟ್ಟೆ. ಕೇಳಲಿಲ್ಲ. ಡಾಕ್ಟರು ಹತ್ತಿ, ಸ್ಟೆತಸ್ಕೋಪ್ ಇಟ್ಟು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು. "ಉಸಿರಿದೆ, ನಿಧಾನ ಆಗಿದೆ. ಮಕ್ಕಳ ಡಾಕ್ಟರು, ಮಾನಿಟರ್ ಎಲ್ಲ ಇರುವ ಕಡೆ ಬೇಕು. ಕುಂದಾಪುರಕ್ಕೆ ನಾನು ಫೋನ್ ಮಾಡುತ್ತೇನೆ. ಮದ್ದು ಏನೆಂದು ಹೇಳಲು ನೀವು ಜೊತೆಗೆ ಹೋಗಿ" ಎಂದರು. ಅಂಗಡಿಯ ಶಟರನ್ನು ಅರ್ಧಕ್ಕೆಳೆದು ಬಸ್ಸು ಹತ್ತಿದೆ.

ದಿನೇಶ ಬಸ್ಸಿನೊಳಗೆ ತಿರುಗಿ ನಿಂತು ಹೇಳಿದ: "ಇನ್ ಎಲ್ಲೂ ನಿಲ್ಸುದಿಲ್ಲೆ. ನಡುವಗೆ ಇಳಿವರ್ ಕುಂದಾಪ್ರದಗೆ ಇಳ್ದ್ ವಾಪಸ್ ಬನ್ನಿ, ನಾನೇ ಕರ್ಕಂಡ್ ಬತ್ತೆ."

"ನಂಗೆ ಮರವಂತಿಯಗೆ ಮದಿ ಊಟಕ್ ಹೋಯ್ಕಿತ್ತ್" ಎಂದರು ಒಬ್ಬರು.

"ಮದಿ ಊಟ ಸಂಜಿವರಿಗೂ ಇರತ್ ಮಾರಾಯ್ರೆ."

"ಹೋಯ್ಲಿ, ಹೋಯ್ಲಿ, ನಿಲ್ಸ್ಬ್ಯಾಡ" ಎಂದು ಅವರೇ ಕೈ ಬೀಸಿದರು.

ಡ್ರೈವರಿನ ಹಿಂದಿನ ಸೀಟಿನಲ್ಲಿ ಸವಿತಾ ಮಗುವನ್ನು ಮಡಿಲಲ್ಲಿ ಹಿಡಿದಿದ್ದಳು. ನಾನು ಪಕ್ಕದಲ್ಲಿ. ಮಗುವಿನ ಮುಖ ಕೆಂಪಾಗಿತ್ತು. ತುಟಿ ಒಣಗಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಆಮೇಲೆ ಒಂದು ಕ್ಷಣ ನಿಂತಂತೆ ಆಗಿ ಮತ್ತೆ ಏರುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಏರಿದ್ದೋ, ಉಸಿರಿಗೆ ಏರಿದ್ದೋ ಗೊತ್ತಾಗದೆ ನಾನು ಅಂಗೈಯನ್ನು ಅದರ ಎದೆಯ ಮೇಲೆ ಇಟ್ಟುಕೊಂಡೆ. ಗುಬ್ಬಿಯ ಎದೆಯಂತೆ ಹೃದಯ ಓಡುತ್ತಿತ್ತು.

ಹಿಂದಿನಿಂದ ಒಬ್ಬರು ಬಗ್ಗಿ ಹೇಳಿದರು: "ಉಪ್ಪ್ ನೀರ್ ಕುಡ್ಸಿ ಕಾಂಬ. ವಾಂತಿ ಆದ್ರೆ ಎಲ್ಲಾ ಹೊರ್ಗ್ ಬತ್ತ್."

ಇನ್ನೊಬ್ಬ ಹೆಂಗಸು: "ಮೊಲಿ ಕೊಡ್ ಹೆಣೆ. ಹೊಟ್ಟಿಗ್ ಹಾಲ್ ಹೋರೆ ಸಮಾ ಆತ್ತ್."

ಸವಿತಾ ನನ್ನ ಮುಖ ನೋಡಿದಳು. ಕೈ ಆಗಲೇ ಸೆರಗಿಗೆ ಹೋಗಿತ್ತು. "ಬ್ಯಾಡ" ಎಂದೆ. "ಎಚ್ಚರ ಇಲ್ದಿದ್ ಶಿಶುಗೆ ಬಾಯಿಗೆ ಎಂತ ಹಾಕ್ರೂ ಅದ್ ಉಸ್ರಿನ್ ದಾರಿಗ್ ಹೋತ್ತ್."

"ಮೇಡಂ ಹೇಳ್ದಾಂಗ್ ಕೇಣ್" ಎಂದು ದಿನೇಶ ಗದರಿದ. ಉಪ್ಪು ನೀರಿನವರು ಸುಮ್ಮನಾದರು. ಗುಲಾಬಕ್ಕ ಮಾತ್ರ ಒಂದೇ ಸಮನೆ ಹೇಳುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ. "ಒಂದೇ ಮನಿ ಥಂಡಿ, ಒಂದೇ ಮದ್ದ್ ಅಂದೇಳಿ ಕೊಟ್ಟದ್ದ್. ಸವಿತ ಕೇಂಡಿತ್ತ್, ದೊಡ್ಡೋರ್ ಮದ್ದಲ್ದಾ ಅಬ್ಬಿ ಅಂದೇಳಿ. ನಾ ಬೈದೆ."

ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಅಲ್ಲಿಂದ ಹೋಗುವಾಗ ಎಲ್ಲರೂ ಕಿಟಕಿಯ ಕಡೆ ನೋಡುತ್ತಾರೆ. ಅಂದು ಒಬ್ಬರೂ ನೋಡಲಿಲ್ಲ. ತ್ರಾಸಿಯ ಹತ್ತಿರ ನನ್ನ ಅಂಗೈಯ ಕೆಳಗೆ ಎದೆ ಏಳಲಿಲ್ಲ. ಕಾದೆ. ಏಳಲಿಲ್ಲ. ಪಾದದ ಅಡಿಯನ್ನು ಉಗುರಿನಿಂದ ಗೀರಿ, ಬೆನ್ನು ಉಜ್ಜಿ, ಗದ್ದ ಎತ್ತಿ ಹಿಡಿದೆ. ಸವಿತಾ ಮಗುವಿನ ಹೆಸರನ್ನು ಕಿರುಚಿದಳು. ಮಗು ಎಳೆದುಕೊಂಡಂತೆ ಒಂದು ಉಸಿರು ತೆಗೆಯಿತು. ಮತ್ತೆ ಒಂದು. ಆ ನಡುವೆ ಎಷ್ಟು ಹೊತ್ತು ಕಳೆಯಿತೋ ನನಗೆ ಗೊತ್ತಿಲ್ಲ. ಕೆಲವೇ ಕ್ಷಣ ಇರಬೇಕು. ನಾನು ಅಲ್ಲಿಂದ ಇನ್ನೂ ಪೂರ್ತಿ ಹೊರಗೆ ಬಂದಿಲ್ಲ. ಹೆಮ್ಮಾಡಿ, ತಲ್ಲೂರು ಯಾವಾಗ ಹೋಯಿತೆಂದು ತಿಳಿಯಲಿಲ್ಲ. ಡ್ರೈವರ್ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

ಕುಂದಾಪುರದ ಆಸ್ಪತ್ರೆಯ ಬಾಗಿಲಿಗೇ ಬಸ್ಸು ಬಂದು ನಿಂತಿತು. ಮಕ್ಕಳ ಡಾಕ್ಟರು, ಸಣ್ಣ ವಯಸ್ಸಿನ ಹೆಂಗಸು, ಮಗುವನ್ನು ಒಳಗೊಯ್ದು ಆಮ್ಲಜನಕ ಹಾಕಿದರು. ಎದೆಗೆ ತಂತಿ ಅಂಟಿಸಿದರು. ಆಮೇಲೆ ನನ್ನ ಕಡೆ ತಿರುಗಿ ಏನು, ಎಷ್ಟು, ಯಾವಾಗ ಎಂದರು. ಏನು, ಯಾವಾಗ ಎಂಬುದನ್ನು ಹೇಳಿದೆ. ಎಷ್ಟು ಎಂಬುದು ನನಗೂ ಗೊತ್ತಿರಲಿಲ್ಲ.

ಗುಲಾಬಕ್ಕ ಚೀಲದಿಂದ ಒಳಲೆ ತೆಗೆದರು. ಶಿಶುಗಳಿಗೆ ಹಾಲು, ತೇದ ಬಜೆ ಕುಡಿಸುವ, ಮೂತಿಯಿರುವ ಪುಟ್ಟ ಹಿತ್ತಾಳೆಯ ಪಾತ್ರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುತ್ತದೆ; ತಾಯಿ ಶಿಶುವಾಗಿದ್ದಾಗ ಕುಡಿದ ಒಳಲೆಯಲ್ಲೇ ಅವಳ ಮಗುವೂ ಕುಡಿಯುತ್ತದೆ. ಬಾಟಲಿಯೊಂದಿಗೆ ಲೋಟ ಇರಲಿಲ್ಲ. ಚಮಚದಲ್ಲಿ ಕುಡಿಸಿದರೆ ಮಗು ಉಗುಳುತ್ತದೆ. ಶಿಶುವಿನ ಮದ್ದಿಗೆ ಅವರ ಕೈ ತಾನಾಗಿ ಹೋದದ್ದು ಒಳಲೆಗೆ.

"ತುಂಬಿಸಿ ಕೊಟ್ಟದ್ದಾ?" ಎಂದು ಡಾಕ್ಟರು ಕೇಳಿದರು.

"ಹೌದಮ್ಮ. ಬಜೆ ಕೊಟ್ಟ್ಹಾಂಗೆ."

ಡಾಕ್ಟರು ಒಳಲೆಗೆ ನೀರು ತುಂಬಿ, ಸಿರಿಂಜಿನಿಂದ ಎಳೆದು ಅಳೆದರು. ಒಂದು ಸಿರಿಂಜು ತುಂಬಿತು. ಒಳಲೆಯಲ್ಲಿ ಇನ್ನೂ ನೀರಿತ್ತು. ಮತ್ತೆ ಎಳೆದರು. ಪ್ರಕಾಶ ಒಂದು ಹೊತ್ತಿಗೆ ಕುಡಿಯಬೇಕಾದದ್ದಕ್ಕಿಂತ ಹೆಚ್ಚು ಅದರಲ್ಲಿ ಹಿಡಿಯುತ್ತಿತ್ತು. ಸಿರಿಂಜನ್ನು ನೋಡುತ್ತಿದ್ದ ಗುಲಾಬಕ್ಕ "ಇಷ್ಟಾ?" ಎಂದರು. ಅಲ್ಲೇ ಗೋಡೆಗೆ ಒರಗಿ ನೆಲಕ್ಕೆ ಕುಳಿತರು.

ಆ ಮಧ್ಯಾಹ್ನವಿಡೀ ಮಗು ಹಾಗೆಯೇ ಇತ್ತು. ಇದಕ್ಕೆ ಇದೇ ಎಂಬ ಮರುಮದ್ದಿಲ್ಲ, ಉಸಿರು ಕಾಯ್ದುಕೊಂಡು ದೇಹ ಅದನ್ನು ಹೊರಹಾಕುವವರೆಗೆ ಕಾಯಬೇಕು, ಫಿಟ್ಸು ಬಂದರೆ ನೋಡಿಕೊಳ್ಳಬೇಕು ಎಂದರು ಡಾಕ್ಟರು. ನಾವು ಮೂವರು ಹೆಂಗಸರು ಹೊರಗೆ ಕಾದೆವು. ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಒಂದು ಅಳು ಕೇಳಿತು, ಸಿಟ್ಟಿನ ಅಳು, ಮೈಗೆ ಅಂಟಿಸಿದ ತಂತಿ ಕಿತ್ತುಕೊಳ್ಳುವ ಅಳು. ಸವಿತಾ ಓಡಿದಳು.

ಮರುದಿನ ಶೆಟ್ರಿಗೆ ಎಲ್ಲವನ್ನೂ ಹೇಳಿದೆ. "ನಾ ಪ್ರಕಾಶಂಗೆ ಅಂದೇ ಕಳ್ಸದ್ದಲ್ದಾ?" ಎಂದರು. ಹಾಗೆಂದವರೇ ಕಸದ ಬುಟ್ಟಿಯ ಬಳಿ ಹೋಗಿ ನಿಂತರು. ಅದರ ತುಂಬ ಕಿತ್ತ ಪೆಟ್ಟಿಗೆಗಳು, ಸಣ್ಣ ಸಣ್ಣ ಪ್ಲಾಸ್ಟಿಕ್ ಲೋಟಗಳು. ಅಂದಿನಿಂದ ಬಸ್ಸಿಗೆ ಕೊಡುವ ಬಾಟಲಿಯ ಪೆಟ್ಟಿಗೆ ಕೀಳುವುದು ನಿಂತಿತು. ದಿನೇಶನೂ ತಕರಾರು ಮಾಡಲಿಲ್ಲ. ಶೀತ ಕೆಮ್ಮಿನ ಮದ್ದನ್ನಂತೂ ಕುಡಿಯುವವರ ಮನೆಯವರೊಂದಿಗೆ ನಾನು ಫೋನಿನಲ್ಲಿ ಮಾತಾಡದೆ ಕಳಿಸುತ್ತಿರಲಿಲ್ಲ. ಯಾರಿಗೆ ಎಂದು ಕೇಳಿದರೆ ಸಾಲದು. ಮನೆಯಲ್ಲಿ ಇನ್ನು ಯಾರಿಗೆ ಕೆಮ್ಮಿದೆ, ಸಣ್ಣ ಮಕ್ಕಳಿದ್ದಾರೆಯೇ ಎಂದೂ ಕೇಳಬೇಕು. ಬಾಟಲಿ ಒಬ್ಬರ ಹೆಸರಿಗೆ ಹೋದರೂ ಮನೆಯೊಳಗೆ ಎಲ್ಲರದೂ ಆಗುತ್ತದೆ.

ಈಗ ಈ ಕೆಲಸಕ್ಕೆ ಬರುವ ಮಕ್ಕಳೇ, ನಿಮ್ಮ ಮುಂದೆ ಕಂಪ್ಯೂಟರಿದೆ, ಬಿಲ್ಲು ತಾನಾಗಿ ಬರುತ್ತದೆ. ಪೆಟ್ಟಿಗೆಯ ಹಿಂಬದಿಯಲ್ಲಿ ಏನೇನು ಬೆರೆಸಿದ್ದಾರೆಂದು ಓದುವ ಕೆಲಸ ಮಾತ್ರ ನಿಮ್ಮ ಕಣ್ಣಿನದು. ಹೆಸರು ಬೇರೆ ಬೇರೆ ಇರುವ ಎರಡು ಪೊಟ್ಟಣದೊಳಗೆ ಒಂದೇ ಮದ್ದು ಇರುತ್ತದೆ. ಜ್ವರದ ಮಾತ್ರೆಯನ್ನೂ ಶೀತದ ಮಾತ್ರೆಯನ್ನೂ ಒಟ್ಟಿಗೆ ನುಂಗಿದವನು ಜ್ವರದ ಮದ್ದನ್ನು ಎರಡು ಪಾಲು ನುಂಗಿರುತ್ತಾನೆ. ಅದು ಪಿತ್ತಜನಕಾಂಗಕ್ಕೆ ಕುತ್ತು. ಬೋಟಿಗೆ ಹೋಗುವವನಿಗೆ, ಲಾರಿ ಓಡಿಸುವವನಿಗೆ ಇದು ನಿದ್ದೆ ತರುತ್ತದೆಂದು ಹೇಳಿ. ಕುಡಿಯುವ ಅಭ್ಯಾಸ ಇದೆಯೇ ಎಂದು ನಾಚದೆ ಕೇಳಿ. ಬಿಪಿಯವರನ್ನೂ ಮೂತ್ರದ ತೊಂದರೆ ಇರುವ ಹಿರಿಯರನ್ನೂ ಡಾಕ್ಟರಲ್ಲಿಗೆ ಕಳಿಸಿ. ಮದ್ದು ಕುಡಿದ ಮಗು ಹಾಯಾಗಿ ಮಲಗಿದೆ ಎಂದು ಯಾರಾದರೂ ಸಂತೋಷದಿಂದ ಹೇಳಿದರೆ, ನೀವು ಸಂತೋಷಪಡುವ ಮೊದಲು ಎಬ್ಬಿಸಿ ನೋಡಲು ಹೇಳಿ.

ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲು ಗುಲಾಬಕ್ಕ ಅಂಗಡಿಗೆ ಬಂದರು. ಬಸ್ಸಿಗೆ ಕೊಡಿ ಎಂದು ಫೋನು ಮಾಡಲಿಲ್ಲ, ತಾವೇ ಬಂದರು. ಸೊಂಟದ ಮೇಲೆ ಸವಿತಾಳ ಅದೇ ಮಾಣಿ. ಮೂಗು ಸೋರುತ್ತಿತ್ತು, ಕೆಮ್ಮುತ್ತಿತ್ತು. ಆ ಕೆಮ್ಮು ಕೇಳಿದ ಕೂಡಲೇ ಅಂಗಿ ಎತ್ತಿ ಎದೆ ನೋಡಿದೆ. ಪಕ್ಕೆಗಳು ಒಳಗೆ ಸೆಳೆಯುತ್ತಿರಲಿಲ್ಲ. ಉಸಿರು ಸರಿಯಾಗಿತ್ತು. ಜ್ವರ ಇರಲಿಲ್ಲ. ಹಾಲು ಕುಡಿಯುತ್ತಿದೆ ಎಂದರು.

"ಮದ್ದ್ ಬ್ಯಾಡ. ಮೂಗಿಗ್ ಬಿಡುಕೆ ಬರೀ ಉಪ್ಪ್ ನೀರಿನ್ ಡ್ರಾಪ್ಸ್ ಇತ್ತ್, ಇದನ್ನ ಮಾತ್ರ ತಕಂಡ್ ಹೋಯ್ನಿ" ಎಂದೆ. "ಉಸ್ರ್ ಜೋರಾದ್ರೆ, ಪಕ್ಕಿ ಒಳ್ಗ್ ಹೋರೆ, ಹಾಲ್ ಬಿಟ್ರೆ, ಸೀದ ಆಸ್ಪತ್ರಿಗೆ. ನಂಗೆ ಫೋನೂ ಮಾಡ್ಬ್ಯಾಡಿ."

"ಕೊಟ್ರೂ ಹೆದ್ರಿಕಿ, ಕೊಡ್ದಿದ್ರೂ ಹೆದ್ರಿಕಿ" ಎಂದರು ಗುಲಾಬಕ್ಕ. "ಸವಿತ ನನ್ ಕೈಯಗೆ ಒಳಲೆ ಕಂಡ್ರೆ ಈಗ್ಳೂ ಮಾಣಿನ್ನ ಎತ್ಕಂಡ್ ಹೊರ್ಗ್ ಹೋತ್ತ್. ರಾತ್ರಿ ಇದ್ ಕೆಮ್ಮುವತಿಗೆ ನಾ ಎಂತ ಮಾಡೂದ್, ಹೇಳಿ?"

"ಎತ್ಕಣಿ. ಹೆಗ್ಲಿಗ್ ಹಾಯ್ಕಣಿ."

"ಅಷ್ಟೇಯಾ?"

"ಅಷ್ಟೇ."

ಅವರು ನನ್ನ ಮುಖವನ್ನೇ ನೋಡಿದರು. ಅಷ್ಟೇ ಸಾಕೆಂದು ನಾನು ಓದಿದ್ದೆ, ಡಾಕ್ಟರೂ ಹೇಳುತ್ತಿದ್ದರು. ಆದರೂ ಆ ಮಗುವಿನ ಎದುರು ನಿಂತು ಹೇಳುವಾಗ ನನ್ನ ದನಿ ಗಟ್ಟಿಯಿರಲಿಲ್ಲ. ಗುಲಾಬಕ್ಕ ಅದನ್ನು ಗಮನಿಸಿರಬೇಕು. ಮಗುವನ್ನು ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿ ಬಸ್ಸಿಗೆ ನಿಂತರು. ನಾನೂ ಅಂಗಡಿಯ ಮೆಟ್ಟಿಲಿಗೆ ಬಂದೆ. ಲಾರಿಗಳ ಸದ್ದಿನ ನಡುವೆಯೂ ಮಾಣಿ ಕೆಮ್ಮುವುದು ಕೇಳುತ್ತಿತ್ತು. ಒಮ್ಮೆ ಕೆಮ್ಮಿ, ಉಸಿರೆಳೆದು, ಮತ್ತೊಮ್ಮೆ. ಒಳಗೆ ಗಿರಾಕಿಯೊಬ್ಬರು ಕರೆಯುತ್ತಿದ್ದರು. ಬಸ್ಸು ಬಂದು ಅವರನ್ನು ಹತ್ತಿಸಿಕೊಂಡು, ಆ ಕೆಮ್ಮು ನನಗೆ ಕೇಳದಾಗುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.